ಬೋರ್‌ವೆಲ್ ಲೆಕ್ಕ, ಓಕುಳಿ ಪಾಠ

"ಅಪ್ಪ, ಮೈನಸ್ಸು ಇಂಟು ಮೈನಸ್ಸು ಯಾಕೆ ಪ್ಲಸ್ಸು?"

ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಆಗ ತಾನೇ ಎರಡನೇ ಕಾಫಿ ಕೈಗೆ ಬಂದಿತ್ತು. "ಅದು ರೂಲ್ಸು ಪುಟ್ಟಿ, ಹಾಗೇ ಬರ್ಕೊಂಬಿಡು" ಎಂದೆ. ನಮ್ಮ ಮೇಷ್ಟ್ರು ನನಗೆ ಹೇಳಿದ್ದೂ ಅಷ್ಟೇ. ಮಗಳು ಪೆನ್ಸಿಲ್ ಕಚ್ಚುತ್ತಾ ಒಂದು ಸಲ ನೋಡಿದಳು. ಆ ನೋಟ ನನಗೆ ಗೊತ್ತು. ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರ್ ತಂದವರು "ಯಾಕೆ ಸುಡ್ತು?" ಅಂತ ಕೇಳಿ, ನಾನು "ಕರೆಂಟಿಂದು ತೊಂದ್ರೆ" ಅಂತ ಜಾರಿಕೊಂಡಾಗ ಅವರೂ ಹೀಗೇ ನೋಡುತ್ತಾರೆ.

ಏಳನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ಇನ್ನು ಮೂರೇ ದಿನ ಇತ್ತು. ಓದಿಸುವ ಕೆಲಸ ನನ್ನ ಹೆಂಡತಿಯದು. ಅವಳು ತಮ್ಮನ ಮಗುವಿನ ನಾಮಕರಣಕ್ಕೆ ತವರಿಗೆ ಹೋಗಿದ್ದಳು. ಹೋಗುವಾಗ "ಸುಮ್ನೆ ಪಕ್ಕದಲ್ಲಿ ಕೂತಿರಿ ಸಾಕು, ಅವಳೇ ಓದ್ಕೋತಾಳೆ" ಅಂದಿದ್ದಳು. ನನ್ನ ಮೇಲೆ ಅಷ್ಟೇ ನಂಬಿಕೆ.

ನಿಜ ಹೇಳಬೇಕೆಂದರೆ, ಮಗಳ ಪುಸ್ತಕ ಕಂಡರೆ ನಾನು ದೂರ. ನಾನು ಎಸ್ಸೆಸ್ಸೆಲ್ಸಿವರೆಗೂ ಕನ್ನಡದಲ್ಲಿ ಓದಿದವನು. ಅವಳು ಇಂಗ್ಲಿಷ್ ಮಾಧ್ಯಮ, ಅದೂ ಸರ್ಕಾರಿ ಶಾಲೆಯಲ್ಲೇ. 2019ರಲ್ಲಿ ಸರ್ಕಾರ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ಶುರು ಮಾಡಿತಲ್ಲ, ಆ ಮೊದಲ ಬ್ಯಾಚಿನವಳು. ಕನ್ನಡವನ್ನು ಕೊಲ್ಲುತ್ತಿದ್ದಾರೆ ಅಂತ ಟಿವಿಯಲ್ಲಿ ದೊಡ್ಡ ಚರ್ಚೆ ನಡೆಯುತ್ತಿದ್ದ ವಾರವೇ ನಾನು ಅರ್ಜಿ ತುಂಬಿದ್ದೆ. ಸ್ವಲ್ಪ ನಾಚಿಕೆ, ಜಾಸ್ತಿ ಆಸೆ. ಒಂದನೇ ತರಗತಿ ಮುಗಿಯುವ ಹೊತ್ತಿಗೆ ಕೊರೊನಾ ಬಂತು. ಎರಡನೇ ತರಗತಿಯನ್ನು ಅವಳು ಶಾಲೆಯಲ್ಲಿ ಕೂತು ಓದಲೇ ಇಲ್ಲ. 2021ರ ಅಕ್ಟೋಬರ್ 25ಕ್ಕೆ ಚಿಕ್ಕ ಮಕ್ಕಳಿಗೆ ಶಾಲೆ ತೆರೆದಾಗ ಅವಳು ಮೂರನೇ ತರಗತಿ, ಓದು ಮಾತ್ರ ಒಂದನೆಯದು. ಅಲ್ಲಿಂದ ಇಲ್ಲಿಗೆ ಎಳೆದು ತಂದವರು ಅವಳ ಮಿಸ್ಸು ಮತ್ತು ಅವಳಮ್ಮ. ನಾನಲ್ಲ.

ಅವತ್ತು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಕಾಫಿ ಕೆಳಗಿಟ್ಟು ಪುಸ್ತಕ ಎಳೆದುಕೊಂಡೆ. ಇಂಟಿಜರ್ಸ್ ಅಂತ ಇತ್ತು. ನೋಡಿದರೆ ನಮ್ಮ ಪೂರ್ಣಾಂಕಗಳೇ! ಒಂದು ಗೆರೆ, ಮಧ್ಯದಲ್ಲಿ ಸೊನ್ನೆ, ಬಲಕ್ಕೆ ಪ್ಲಸ್ಸು, ಎಡಕ್ಕೆ ಮೈನಸ್ಸು. ಆ ಗೆರೆಯನ್ನು ಸುಮ್ಮನೆ ನೆಟ್ಟಗೆ ನಿಲ್ಲಿಸಿದೆ. ಬೋರ್‌ವೆಲ್ ಆಯಿತು.

"ನೆಲ ಸೊನ್ನೆ ಅನ್ಕೋ. ಕೆಳಗೆ ಹೋದಷ್ಟೂ ಮೈನಸ್ಸು. ನೀರು 400 ಅಡಿಯಲ್ಲಿದ್ರೆ?"

"ಮೈನಸ್ 400."

"ಬೇಸಿಗೆ. ಲೆಕ್ಕಕ್ಕೆ ಅಂತ ದಿನಕ್ಕೆ 2 ಅಡಿ ನೀರು ಇಳೀತಿದೆ. ಇಳಿಯೋದು ಮೈನಸ್ 2. ಇನ್ನು 3 ದಿನಕ್ಕೆ?"

"ಮೈನಸ್ 6. 6 ಅಡಿ ಕೆಳಗೆ."

"ಮುಂದಿನ ದಿನ ಪ್ಲಸ್ಸು ಆದ್ರೆ, ಹಿಂದಿನ ದಿನ?"

"ಮೈನಸ್ಸು" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೆರಳು ಗೆರೆಯ ಮೇಲೆ ಮೇಲಕ್ಕೆ ಹೋಯಿತು. "3 ದಿನದ ಹಿಂದೆ ಅಂದ್ರೆ ಮೈನಸ್ 3. ದಿನಕ್ಕೆ ಮೈನಸ್ 2. ಆವತ್ತು ನೀರು ಈಗಿನದಕ್ಕಿಂತ 6 ಅಡಿ ಮೇಲಿತ್ತು! ಪ್ಲಸ್ 6!"

ನನಗೇ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಎಷ್ಟು ಅಡಿಗೆ ಪೈಪ್ ಇಳಿಸಬೇಕು, ಎಷ್ಟು ಎಚ್‌ಪಿ ಮೋಟಾರ್ ಬೇಕು ಅಂತ ದಿನಾ ಲೆಕ್ಕ ಹಾಕುತ್ತೇನೆ. ಏಳನೇ ತರಗತಿಯಲ್ಲಿ ಉರು ಹೊಡೆದ ಆ ರೂಲ್ಸು ಇದೇ ಕೊಳವೆಯೊಳಗೆ ಕೂತಿತ್ತು ಅಂತ ಒಂದು ದಿನವೂ ಹೊಳೆದಿರಲಿಲ್ಲ. ಅವಳು ಅಲ್ಲಿಗೆ ಬಿಡಲಿಲ್ಲ. "ಮಳೆ ಬಂದು ದಿನಕ್ಕೆ 2 ಅಡಿ ಏರಿದ್ರೆ? 3 ದಿನದ ಹಿಂದೆ 6 ಅಡಿ ಕೆಳಗಿತ್ತು. ಪ್ಲಸ್ಸು ಇಂಟು ಮೈನಸ್ಸು, ಮೈನಸ್ಸು. ಸರಿ ಇದೆ." ಟಿಕ್ ಹಾಕಿಕೊಂಡು ಪುಟ ತಿರುಗಿಸಿದಳು. ನಮ್ಮ ತುಮಕೂರು ಕಡೆ ಬೋರಿನ ನೀರು ಹಾಗೆ ಏರಿದ್ದು ನಾನು ನೋಡಿದ್ದು ಕಡಿಮೆ. ಅದನ್ನು ಹೇಳಲಿಲ್ಲ.

ವಿಜ್ಞಾನಕ್ಕೆ ಬಂದೆವು. "ಫೋಟೋಸಿಂಥೆಸಿಸ್" ಎಂದಳು. ನಾನು ತಕ್ಷಣ "ದ್ಯುತಿಸಂಶ್ಲೇಷಣೆ!" ಎಂದೆ, ಒಂದೇ ಉಸಿರಿಗೆ. ಅವಳು ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಅದು ಬೈಗುಳನಾ?" ಆ ಪದಕ್ಕೆ ನಾನು ಕೈ ಮೇಲೆ ಬೆತ್ತದ ಏಟು ತಿಂದಿದ್ದೆ. ಹಾಗಾಗಿ ಇನ್ನೂ ಮರೆತಿಲ್ಲ. "ದ್ಯುತಿ ಅಂದ್ರೇನು?" ಅಂತ ಕೇಳಿದಳು. ತಡವರಿಸಿದೆ. ಬೆಳಕು ಇರಬೇಕು ಎಂದೆ. "ಫೋಟೋ ಅಂದ್ರೂ ಬೆಳಕು, ಮಿಸ್ಸು ಹೇಳಿದ್ರು" ಅಂದಳು. ಅಲ್ಲಿ ಸ್ವಲ್ಪ ಯೋಚನೆಗೆ ಬಿದ್ದೆ. ಕನ್ನಡದಲ್ಲಿ ಓದಿದ್ದರಿಂದ ನನಗೆಲ್ಲ ಅರ್ಥವಾಗಿತ್ತು, ಇವಳು ಇಂಗ್ಲಿಷಿನಲ್ಲಿ ಒದ್ದಾಡುತ್ತಿದ್ದಾಳೆ ಅಂತ ನಾನು ಲೆಕ್ಕ ಹಾಕಿಕೊಂಡಿದ್ದೆ. ದ್ಯುತಿಸಂಶ್ಲೇಷಣೆ ನಮ್ಮ ಮನೆಯಲ್ಲಿ ಯಾರು ಆಡಿದ ಮಾತು? ನನಗೂ ಅದು ಪರದೇಶದ್ದೇ ಆಗಿತ್ತು. ಎಲೆ ಬಿಸಿಲಲ್ಲಿ ಅಡುಗೆ ಮಾಡ್ಕೊಳ್ಳುತ್ತೆ ಅಂತ ಯಾರಾದರೂ ಹೇಳಿದ್ದರೆ ಬೆತ್ತ ಉಳಿಯುತ್ತಿತ್ತು.

ಸಮಾಜ ಬೇಗ ಮುಗಿಯಿತು. ಉತ್ತರ ಅಮೇರಿಕಾದ ಐದು ದೊಡ್ಡ ಸರೋವರ. ಹ್ಯೂರಾನ್, ಒಂಟಾರಿಯೊ, ಮಿಷಿಗನ್, ಈರಿ, ಸುಪೀರಿಯರ್. ಮೊದಲಕ್ಷರ ಸೇರಿಸಿ 'ಹೋಮ್ಸ್' ಅಂತ ನೆನಪಿಟ್ಟುಕೊಂಡಿದ್ದಳು. ನಮ್ಮ ತಾಲ್ಲೂಕಿನ ಐದು ಕೆರೆ ಹೆಸರು ಹೇಳು ಎಂದೆ. ಎರಡು ಹೇಳಿದಳು. ನಾನೂ ಮೂರಕ್ಕೆ ನಿಂತೆ. ಹಿಂದಿಯನ್ನು ಅವಳೇ ಓದಿಕೊಂಡಳು, ಆ ವಿಷಯದಲ್ಲಿ ನನ್ನನ್ನು ಕೇಳುವುದೂ ಒಂದೇ, ಗೋಡೆಯನ್ನು ಕೇಳುವುದೂ ಒಂದೇ. ಕನ್ನಡದಲ್ಲಿ ಸಂಧಿ ಇತ್ತು. ಮಳೆ, ಕಾಲ ಸೇರಿ ಮಳೆಗಾಲ, ಆದೇಶ ಸಂಧಿ. ಮನೆ, ಅನ್ನು ಸೇರಿ ಮನೆಯನ್ನು, ಆಗಮ ಸಂಧಿ. "ಮನೆಯನ್ನು ಅಂತ ಯಾರಪ್ಪ ಮಾತಾಡ್ತಾರೆ?" ಅಂದಳು. ನಾವು ಮನೇನ ಅಂತೀವಿ. ಅದು ಯಾವ ಸಂಧಿ ಅಂತ ಕೇಳುವ ಮೊದಲೇ ಊಟಕ್ಕೆ ಎಬ್ಬಿಸಿದೆ.

ಗಲಾಟೆ ಆಗಿದ್ದು ಊಟ ಆದಮೇಲೆ. ಆಸಿಡ್, ಬೇಸ್ ಪಾಠದಲ್ಲಿ ಅರಿಶಿನದ ಪ್ರಯೋಗ ಇದೆ. ಬಿಳಿ ಹಾಳೆಗೆ ಅರಿಶಿನ ಬಳಿದು ಒಣಗಿಸಿ, ಸೋಪಿನ ನೀರಲ್ಲಿ ಹೂ ಬರೆದರೆ ಕೆಂಪಗೆ ಮೂಡುತ್ತೆ. ಅದನ್ನು ಶಾಲೆಯಲ್ಲೇ ಮಾಡಿಸಿದ್ದರಂತೆ. ಸುಣ್ಣ ಹಾಕಿದರೆ ಏನಾಗುತ್ತೆ ನೋಡೋಣ ಅಂತ ಮಗಳು ಅಜ್ಜಿಯ ಎಲೆ ಅಡಿಕೆ ಡಬ್ಬಿಗೆ ಕೈ ಹಾಕಿದ್ದಳು. ಲೋಟದಲ್ಲಿ ಅರಿಶಿನದ ನೀರು, ಅದಕ್ಕೆ ಒಂದು ಚೂರು ಸುಣ್ಣ. ಕಡು ಕೆಂಪು.

ನಮ್ಮಮ್ಮ ನೋಡಿ ಮೂಗು ಮುರಿದಳು. "ಇದೇನು ದೊಡ್ಡ ಪಾಠನೇ? ಓಕುಳಿ ಕಣೇ ಇದು. ಹೊಸ ಸೊಸೆ ಬಂದ್ರೆ, ಬಾಣಂತಿ ಬಂದ್ರೆ ನಿವಾಳಿಸಲ್ವಾ? ನಿನ್ನ ಹೊತ್ಕೊಂಡು ಬಂದಾಗ್ಲೂ ಎತ್ತಿದ್ದೆ."

"ಅಜ್ಜಿ, ಇದಕ್ಕೆ ನಿಂಬೆರಸ ಹಾಕಿದೀಯಾ?"

"ಓಕುಳಿಗೆ ನಿಂಬೆಹಣ್ಣು ಯಾಕೆ ಹಾಕ್ತಾರೆ?"

ಮಗಳು ಹಿಂಡಿದಳು. ನಾಲ್ಕು ಹನಿ, ಆರು ಹನಿ. ಕೆಂಪು ಕರಗಿ ಲೋಟ ಮತ್ತೆ ಹಳದಿಯಾಯಿತು. ಅಮ್ಮ ಅಲ್ಲೇ ಕೂತುಬಿಟ್ಟಳು. ಎಷ್ಟು ಮದುವೆ, ಎಷ್ಟು ಬಾಣಂತನ ಕಂಡವಳೋ, ಕೆಂಪಾಗಿದ್ದು ಹಿಂದಕ್ಕೆ ಬಂದದ್ದನ್ನು ನೋಡಿದ್ದು ಅದೇ ಮೊದಲು. "ಕೆಡಿಸಿದ್ಯಲ್ಲೇ" ಅಂತ ಬೈದಳು. ಆಮೇಲೆ ತಾನೇ ಒಂದು ಚೂರು ಸುಣ್ಣ ಹಾಕಿದಳು. ಕೆಂಪು. ನಿಂಬೆ. ಹಳದಿ. ಮತ್ತೆ ಸುಣ್ಣ. ಸುಣ್ಣ ಬೇಸ್, ನಿಂಬೆ ಆಸಿಡ್, ಒಂದನ್ನೊಂದು ಹೊಡೆದುಹಾಕುತ್ತವೆ ಅಂತ ಮಗಳು ವಿವರಿಸುತ್ತಲೇ ಇದ್ದಳು. ಅಮ್ಮ ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಸಂಜೆ ಎಲೆ ಹಾಕಲು ಕೂತಾಗ ಡಬ್ಬಿಯಲ್ಲಿ ಸುಣ್ಣ ಇರಲಿಲ್ಲ. ಆ ತಪ್ಪು ನನ್ನ ತಲೆಗೆ ಬಂತು. ಅಂಗಡಿಗೆ ಹೋಗಿ ತಂದೆ.

ಪರೀಕ್ಷೆ ಆದಮೇಲೆ ಉತ್ತರ ಪತ್ರಿಕೆ ತೋರಿಸಲು ಶಾಲೆಗೆ ಕರೆದಿದ್ದರು. ಮೊದಲ ಸಲ ನಾನು ಹೋದೆ. ವಿಜ್ಞಾನದಲ್ಲಿ ಒಂದು ಪ್ರಶ್ನೆ, ನೈಸರ್ಗಿಕ ಸೂಚಕಗಳಿಗೆ, ಅಂದರೆ ಬಣ್ಣ ಬದಲಿಸಿ ಆಸಿಡ್ಡೋ ಬೇಸೋ ಅಂತ ತೋರಿಸುವ ವಸ್ತುಗಳಿಗೆ, ಮೂರು ಉದಾಹರಣೆ ಕೊಡಿ. ಮಗಳು ಇಂಗ್ಲಿಷಿನಲ್ಲಿ ಅರಿಶಿನ, ದಾಸವಾಳ ಅಂತ ಬರೆದು, ಮೂರನೆಯದಾಗಿ ಓಕುಳಿ ಅಂತ ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದಳು. ಮಿಸ್ಸು ಅದಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಅರ್ಧ ಅಂಕ ಕಳೆದಿದ್ದರು.

"ಓಕುಳಿಯಲ್ಲಿರೋದೂ ಅರಿಶಿನನೇ ಅಲ್ವಾ ಸಾರ್? ಒಂದನ್ನೇ ಎರಡು ಸಲ ಬರೆದ ಹಾಗಾಯ್ತು" ಎಂದರು. ಅವರು ಹೇಳಿದ್ದು ಸರಿಯೇ. ಮನೆಗೆ ಬಂದು ಅಮ್ಮನಿಗೂ ಅದನ್ನೇ ಹೇಳಿದೆ. ಅವಳು ಇವತ್ತಿಗೂ ಒಪ್ಪಿಲ್ಲ.