ಚೀಲದ ತೂಕ

ಜನವರಿ 19, 2025, ಭಾನುವಾರ
ಸಿದ್ದಾಪುರದ ಹತ್ತಿರ, ಕೊಡಗು

ಗುರುವಾರ ಸಂಜೆ ಕಣದಿಂದ ಒಂದು ಖಾಲಿ ಚೀಲ ಗಾಳಿಗೆ ಹಾರಿಹೋಯಿತು. ಇದೆಲ್ಲ ಶುರುವಾದದ್ದು ಅಲ್ಲಿಂದ. ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಇವತ್ತು ಕೊಯ್ಲಿಗೆ ರಜೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಕಾಫಿ ತೋಟ, ಈಗ ರೋಬಸ್ಟಾ ಕೊಯ್ಲು. ಪಿರಿಯಾಪಟ್ಟಣದ ಕಡೆಯಿಂದ ಎಂಟು ಜನ ಹೆಂಗಸರು ಜೀಪಿನಲ್ಲಿ ಬರುತ್ತಾರೆ. ಮಾಲ್ದಾರೆ ದಾರಿಯಲ್ಲಿ ಆನೆ ಇದ್ದರೆ ಒಂಬತ್ತಾಗುತ್ತದೆ, ಇಲ್ಲದಿದ್ದರೆ ಎಂಟಕ್ಕೆಲ್ಲ ಗಿಡದ ಬುಡದಲ್ಲಿರುತ್ತಾರೆ. ಕುಯ್ದ ಹಣ್ಣಿಗೆ ಕೆಜಿಗೆ 5 ರೂಪಾಯಿ. ಸಂಜೆ ತೂಗಿ, ಪುಸ್ತಕದಲ್ಲಿ ಅವರವರ ಹೆಸರಿನ ಮುಂದೆ ಬರೆಯುವುದು ನನ್ನ ಕೆಲಸ. ಒಂದೊಂದು ಚೀಲಕ್ಕೂ 1 ಕೆಜಿ ಕಳೆಯುತ್ತಿದ್ದೆ, ಚೀಲದ ತೂಕ ಅಂತ. ಅಪ್ಪ ಇದ್ದಾಗಲೂ ಹಾಗೇ ಇತ್ತು, ಅವರು ಹೋದ ಮೇಲೆ ನಾನೂ ಹಾಗೇ ಮುಂದುವರಿಸಿದೆ.

ಹಾರಿದ ಚೀಲ ಸಿಲ್ವರ್ ಮರದ ಮೆಣಸಿನ ಬಳ್ಳಿಗೆ ಸಿಕ್ಕಿಕೊಂಡಿತ್ತು. ಬಿಡಿಸಿ ತರುವಾಗ ಕೈಯಲ್ಲಿ ಏನೂ ಇಲ್ಲದ ಹಾಗಿತ್ತು. ಅಲ್ಲ, ಗೋಣಿಚೀಲ ಆಗಿದ್ದರೆ ಹೀಗೆ ಹಾರುತ್ತಿತ್ತಾ?

ಅಪ್ಪನ ಕಾಲದಲ್ಲಿದ್ದದ್ದು ಗೋಣಿ. ಅದು ಹತ್ತಿರ ಹತ್ತಿರ ಒಂದು ಕೆಜಿ ಬರುತ್ತದೆ, ಹಣ್ಣಿನ ರಸ ಹೀರಿ ಒದ್ದೆಯಾದರೆ ಇನ್ನೂ ಜಾಸ್ತಿ. ಹೋದ ವರ್ಷ ಗೋಣಿಗಳೆಲ್ಲ ಇಲಿ ಕಡಿದು ಹರಿದುಹೋದವು ಅಂತ ಪ್ಲಾಸ್ಟಿಕ್ ಚೀಲ ತಂದೆ. ಚೀಲ ಬದಲಾಯಿತು, ಕಳೆಯುವ ಲೆಕ್ಕ ಬದಲಾಗಲಿಲ್ಲ. ಗುರುವಾರ ರಾತ್ರಿ ಹತ್ತು ಚೀಲ ಒಟ್ಟಿಗೆ ಮಡಚಿ ತಕ್ಕಡಿ ಮೇಲಿಟ್ಟೆ. 1 ಕೆಜಿ 200 ಗ್ರಾಂ. ಅಂದರೆ ಒಂದಕ್ಕೆ 120 ಗ್ರಾಂ. ಪ್ರತಿ ಚೀಲದಲ್ಲೂ 880 ಗ್ರಾಂ ಹಣ್ಣಿನ ಕೂಲಿಯನ್ನು ನಾನು ಇಟ್ಟುಕೊಂಡಿದ್ದೆ.

ಪುಸ್ತಕ ತೆಗೆದು ಕೂಡಿಸಿದೆ. ಈ ಸಲ ಕೊಯ್ಲು ಶುರುವಾದ ಮೇಲೆ ತೂಗಿದ್ದು 198 ಚೀಲ. ಶನಿವಾರ ಬಟವಾಡೆ ಹೊತ್ತಿಗೆ ಅದು 231 ಆಯಿತು. ಹೀಗೆ ನಾನು ಇಟ್ಟುಕೊಂಡದ್ದು ಒಟ್ಟು 203 ಕೆಜಿಯ ಕೂಲಿ, 1016 ರೂಪಾಯಿ. ಇಷ್ಟೇನಾ ಅಂತ ಒಂದು ಕ್ಷಣ ಸಮಾಧಾನ ಆಯಿತು. ಕಾಫಿ 50 ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿರುವಾಗ ಇದೇನು ದೊಡ್ಡ ದುಡ್ಡು ಅಂತ. ಆಮೇಲೆ ಹೆಸರು ಹೆಸರಾಗಿ ನೋಡಿದೆ. ಎಲ್ಲರಿಗಿಂತ ಜಾಸ್ತಿ ಕುಯ್ದವರದ್ದು 34 ಚೀಲ, ಅವರಿಗೇ ಜಾಸ್ತಿ ಖೋತಾ, 150 ರೂಪಾಯಿ. ಮೈಮುರಿದು ಕುಯ್ದಷ್ಟೂ ನಾನು ಅವರಿಂದ ಜಾಸ್ತಿ ಕಿತ್ತುಕೊಂಡ ಹಾಗಾಯಿತು. ಇದು ನನಗೆ ತಡೆಯಲಾಗಲಿಲ್ಲ.

ಅಪ್ಪ ಕಾಫಿ ಮಾರಲು ಹೋದಾಗ ಇದೇ ವಿಷಯಕ್ಕೆ ಜಗಳ ಆಡುತ್ತಿದ್ದರು. ತೇವಾಂಶಕ್ಕೆ ಅಂತ ಕಳೆಯುತ್ತಾರೆ, ಔಟ್‌ಟರ್ನ್, ಅಂದರೆ ಒಣಗಿದ ಹಣ್ಣಿನಿಂದ ಎಷ್ಟು ಬೀಜ ಸಿಗುತ್ತದೆ ಅಂತ ನೋಡಲು ತೆಗೆದ ಸ್ಯಾಂಪಲ್ ವಾಪಸ್ ಚೀಲಕ್ಕೆ ಬೀಳುವುದಿಲ್ಲ, ಅದರ ಮೇಲೆ ಚೀಲದ ತೂಕ ಬೇರೆ. ಮನೆಗೆ ಬಂದು ಊಟ ಮಾಡುವಾಗಲೂ ಅದನ್ನೇ ಹೇಳುತ್ತಿದ್ದರು. ಆ ಸಿಟ್ಟು ಕೇಳುತ್ತಾ ಬೆಳೆದವಳು ನಾನು.

ಶುಕ್ರವಾರ ಪೂರ್ತಿ ಸುಮ್ಮನಿದ್ದೆ. ಆವತ್ತು ಸಂಜೆಯಿಂದಲೇ 120 ಗ್ರಾಂ ಮಾತ್ರ ಕಳೆಯಲು ಶುರು ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಹಳೆಯದು ಹಳೆಯದಾಯಿತು ಅಂತ ಮೊದಲು ಅನ್ನಿಸಿತು. ಆದರೂ ತೂಗುವಾಗ ಕೈ ಬರಲಿಲ್ಲ, ಎಂದಿನ ಹಾಗೆ 1 ಕೆಜಿಯನ್ನೇ ಕಳೆದು ಬರೆದೆ. ಗೊತ್ತಿದ್ದೂ ಬರೆದ ಒಂದು ದಿನ ಅದು. ರಾತ್ರಿ ಇನ್ನೊಂದು ಯೋಚನೆ ಬಂತು, ಅದು ಇನ್ನೂ ಚೆನ್ನಾಗಿ ಕಂಡಿತು. ಕೊಯ್ಲು ಮುಗಿಯುವ ದಿನ ಎಲ್ಲರಿಗೂ ಇನ್ನೂರು ಇನ್ನೂರು ಇನಾಮು ಕೊಟ್ಟುಬಿಡುವುದು. ಲೆಕ್ಕಕ್ಕಿಂತ ಜಾಸ್ತಿಯೇ ಕೊಟ್ಟ ಹಾಗಾಗುತ್ತದೆ, ಅವರಿಗೂ ಖುಷಿ, ಅಲ್ವಾ? ಅವರು ಕೈಮುಗಿದು "ಒಳ್ಳೇದಾಗ್ಲಿ ಅಕ್ಕಾವ್ರೇ" ಅನ್ನುವುದನ್ನೂ ಮನಸ್ಸಿನಲ್ಲಿ ಕಂಡುಬಿಟ್ಟೆ. ಆಗ ಎದೆ ಧಸಕ್ ಅಂತು. ಅವರದ್ದೇ ದುಡ್ಡನ್ನು ಅವರಿಗೇ ದಾನದ ಹಾಗೆ ಕೊಟ್ಟು, ಮೇಲೆ ಆಶೀರ್ವಾದವನ್ನೂ ತಗೊಳ್ಳಲು ಹೊರಟಿದ್ದೆನಲ್ಲ.

ಪಕ್ಕದ ತೋಟದ ಮಾವನಿಗೆ ಫೋನ್ ಮಾಡಿ ಹೇಳಿದೆ. "ನಾಳೆಯಿಂದ ಸರಿ ಮಾಡು ಸಾಕು, ಬಾಯಿಬಿಟ್ಟು ಹೇಳ್ಬೇಡ ಮಗಳೇ. ಹೇಳಿದ್ರೆ ತಕ್ಕಡಿ ಮೇಲೂ ಅನುಮಾನ ಪಡ್ತಾರೆ. ಬೇರೆ ತೋಟಕ್ಕೆ ಹೋಗ್ಬಿಟ್ರೆ ಏನು ಮಾಡ್ತೀಯ?" ಅಂದರು. ಅವರು ಕೆಟ್ಟವರಲ್ಲ, ಹೇಳಿದ್ದೂ ಸುಳ್ಳಲ್ಲ. ಈ ತಿಂಗಳು ಕುಯ್ಯಲು ಜನ ಸಿಗುವುದು ಅಷ್ಟು ಕಷ್ಟ. ಅರ್ಧ ತೋಟದಲ್ಲಿ ಹಣ್ಣು ಹಾಗೇ ಇದೆ, ಈಗ ಮಳೆ ಬಂದರೆ ಹಣ್ಣಿರುವ ಗಿಡದಲ್ಲೇ ಹೂ ಅರಳಿ ಮುಂದಿನ ವರ್ಷದ ಫಸಲಿಗೂ ಪೆಟ್ಟು.

ನಿನ್ನೆ ಬಟವಾಡೆ. ದುಡ್ಡು ಎಣಿಸುವ ಮೊದಲೇ ಹೇಳಿದೆ, ಕೂಡಿಟ್ಟ ಧೈರ್ಯ ಆಮೇಲೆ ಹೋಗಿಬಿಡುತ್ತದೆ ಅಂತ. ಚೀಲಗಳನ್ನು ಅವರ ಎದುರಿಗೇ ತೂಗಿ ತೋರಿಸಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರಿಗಿಂತ ಹಿರಿಯ ಅಕ್ಕ ಕೇಳಿದರು, "ಅಂದ್ರೆ ಇಷ್ಟ್ ದಿನ ನೀವು ನಮ್ಗೆ ಕಮ್ಮಿ ಕೊಟ್ರಾ?"

ಹೌದು ಅಂದೆ. ಬೇರೆ ಏನೂ ಹೇಳಲು ಬಾಯಿ ಬರಲಿಲ್ಲ.

ಮಾವ ಹೇಳಿದ ಹಾಗೇ ಆಯಿತು. "ಹಂಗಾರೆ ತಕ್ಕಡಿ ಸರಿಯಾಗೈತಾ?" ಅಂತ ಇನ್ನೊಬ್ಬರು ಕೇಳಿದರು. ವರ್ಷಕ್ಕೊಮ್ಮೆ ಹಾಕಿಸುವ ತೂಕ ಮತ್ತು ಅಳತೆ ಇಲಾಖೆಯ ಸೀಲು ತೋರಿಸಿದೆ, ಅವರಿಗೆ ಅದರಿಂದ ಏನೂ ಆಗಲಿಲ್ಲ. ಒಳಗಿನಿಂದ ಇನ್ನೂ ಬಿಚ್ಚದ 25 ಕೆಜಿ ಅಕ್ಕಿ ಚೀಲ ತಂದು ಇಟ್ಟೆ. 25 ಕೆಜಿ 100 ಗ್ರಾಂ ಬಂತು. ಅವರೇ ಬಗ್ಗಿ ನೋಡಿದರು. ಕೇಳಿದ್ದಕ್ಕೆ ಅವರ ಮೇಲೆ ಬೇಜಾರಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ಪ್ರತಿಯೊಬ್ಬರ ಕೈಗೂ ಬಾಕಿಯನ್ನು ಬೇರೆಯಾಗಿ ಎಣಿಸಿ ಕೊಟ್ಟೆ. ಹಿರಿಯ ಅಕ್ಕ ಎರಡು ಸಲ ಎಣಿಸಿ ಸೆರಗಿಗೆ ಕಟ್ಟಿಕೊಂಡು ಜೀಪು ಹತ್ತಿದರು. ಹೋಗಿ ಬರ್ತೀವಿ ಅಂತ ದಿನಾ ಹೇಳುತ್ತಿದ್ದವರು ನಿನ್ನೆ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಕಣದಲ್ಲಿ ಕಾಫಿಗೆ ಕೈಯಾಡಿಸಿ ಬಂದು ಹೋದ ವರ್ಷದ ಪುಸ್ತಕ ತೆಗೆದೆ. ಪ್ಲಾಸ್ಟಿಕ್ ಚೀಲ ತಂದದ್ದು 2024ರ ಜನವರಿ 22ಕ್ಕೆ. ಅಲ್ಲಿಂದ ಕೊಯ್ಲು ಮುಗಿಯುವವರೆಗೆ ಆರು ಜನ, 190 ಚೀಲ. ಆಗ ಕೆಜಿಗೆ ನಾಲ್ಕೂವರೆ ರೂಪಾಯಿ, ಹಾಗಾಗಿ 752 ರೂಪಾಯಿ. ಆ ಆರರಲ್ಲಿ ನಾಲ್ಕು ಜನ ಈ ವರ್ಷವೂ ಇದ್ದಾರೆ, ಅವರದ್ದನ್ನು ನಾಳೆ ಕೊಡುತ್ತೇನೆ. ಉಳಿದಿಬ್ಬರದ್ದು 253. ಜೀಪಿನ ಡ್ರೈವರಿಗೆ ಫೋನ್ ಮಾಡಿ ಕೇಳಿದೆ. ಒಬ್ಬರು ಅವನ ಪಕ್ಕದ ಊರಿನವರೇ, ತಲುಪಿಸ್ತೀನಿ ಅಂದ. ಇನ್ನೊಬ್ಬರು ಮಗಳ ಮನೆಗೆ ಹೋದವರು ವಾಪಸ್ ಬಂದಿಲ್ಲವಂತೆ, ಯಾವ ಊರು ಅಂತ ಅವನಿಗೂ ಗೊತ್ತಿಲ್ಲ. ಅವರ ದುಡ್ಡನ್ನು ಒಂದು ಕವರಿನಲ್ಲಿ ಹಾಕಿ, ಹೆಸರು ಬರೆದು, ಪುಸ್ತಕದೊಳಗೆ ಇಟ್ಟಿದ್ದೇನೆ.

ನಾಳೆ ಜೀಪು ಬರುತ್ತದೆ ಅಂದ. ಎಂಟು ಜನರೂ ಬರ್ತಾರಾ ಅಂತ ಕೇಳಬೇಕಿತ್ತು, ಕೇಳಲಿಲ್ಲ.