ಹನ್ನೊಂದನೆಯ ಸುತ್ತಿನಿಂದ ಆಚೆಗೆ

ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ನಮ್ಮ ತಂಡ ಕಟ್ಟಿದ ಟೆಸ್ಲಾ ಕಾಯಿಲ್‌ಗೆ (ಗಾಳಿಯಲ್ಲಿ ಕಿಡಿ ಹಾರಿಸುವಷ್ಟು ವೋಲ್ಟೇಜ್ ಹುಟ್ಟಿಸುವ ಸಾಧನ) ಬೇಕಾದದ್ದೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಸಿಕ್ಕಿತು. ಅಂಗಡಿಗಳ ನಿಯಾನ್ ಫಲಕಗಳು ಇಳಿದು ಎಲ್‌ಇಡಿ ಏರುತ್ತಿದ್ದ ಕಾಲವದು. 9,000 ವೋಲ್ಟ್, 30 ಮಿಲಿಆಂಪಿಯರ್‌ನ ಹಳೆಯ ಟ್ರಾನ್ಸ್‌ಫಾರ್ಮರ್ ಅಗ್ಗಕ್ಕೆ ಬಂತು. ನಾಲ್ಕಂಗುಲದ ಪಿವಿಸಿ ಕೊಳವೆಗೆ ಸುಮಾರು 1,000 ಸುತ್ತು ಎನಾಮಲ್ ತಂತಿ (ಇದೇ ಸೆಕೆಂಡರಿ), ಅದರ ನೆತ್ತಿಯ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿದ ಬಳೆಯಾಕಾರದ ಟೊರಾಯ್ಡ್, ಬುಡದಲ್ಲಿ ಫ್ರಿಜ್‌ಗೆ ಬಳಸುವ ತಾಮ್ರದ ಕೊಳವೆಯ ಚಪ್ಪಟೆ ಸುರುಳಿ (ಇದೇ ಪ್ರೈಮರಿ).

ಕಟ್ಟುವುದು ಬೇಗ ಮುಗಿಯಿತು. ಎರಡು ಸುರುಳಿಗಳ ಆವೃತ್ತಿ ಹೊಂದಿಸಿ ಶ್ರುತಿ ಕೂಡಿಸುವುದೇ ಇಡೀ ಸೆಮಿಸ್ಟರನ್ನು ನುಂಗಿತು.

ಆಸಿಲೋಸ್ಕೋಪ್ ಇಟ್ಟು ಅಳೆದಾಗ ಸೆಕೆಂಡರಿಯ ಅನುರಣನ ಆವೃತ್ತಿ (ಅದು ತಾನಾಗಿ ಕಂಪಿಸುವ ವೇಗ) 250 ಕಿಲೋಹರ್ಟ್ಸ್ ಆಸುಪಾಸಿನಲ್ಲಿತ್ತು. ಪ್ರೈಮರಿಗೆ ಜೋಡಿಸಿದ, ವಿದ್ಯುತ್ ಶೇಖರಿಸುವ ಕೆಪಾಸಿಟರ್ 10 ನ್ಯಾನೋಫ್ಯಾರಡ್. ಎರಡು ಸುರುಳಿಗಳ ಆವೃತ್ತಿ ಹೊಂದಬೇಕಾದರೆ ಪ್ರೈಮರಿಯ ಪ್ರೇರಕತೆ (ಇಂಡಕ್ಟೆನ್ಸ್) 40 ಮೈಕ್ರೋಹೆನ್ರಿ, ಅಂದರೆ ನಮ್ಮ ಸುರುಳಿಯಲ್ಲಿ ಸುಮಾರು 11 ಸುತ್ತು. ಅಲ್ಲಿಗೇ ಕ್ಲಿಪ್ ಸಿಕ್ಕಿಸಿದೆವು. ಕೆಪಾಸಿಟರಿನ ವಿದ್ಯುತ್ತು ಕಿಡಿಯಾಗಿ ಹಾರಿ ಪ್ರೈಮರಿಗೆ ಹರಿಯುವ ಸಂದು, ಅಂದರೆ ಸ್ಪಾರ್ಕ್ ಗ್ಯಾಪ್, ಅಬ್ಬರಿಸಿತು. ಟೊರಾಯ್ಡ್‌ನಿಂದ ಹೊರಟದ್ದು ಬೆರಳುದ್ದದ ಕಿಡಿ.

ಗ್ಯಾಪ್ ಅಗಲಿಸೋಣ ಎಂದು ಎಲ್ಲರಿಗೂ ಅವಸರ. ನಮ್ಮ ಮೇಡಂ ಬಿಡಲಿಲ್ಲ. ಆ ಟ್ರಾನ್ಸ್‌ಫಾರ್ಮರ್‌ಗೆ 10 ನ್ಯಾನೋಫ್ಯಾರಡ್ ಜೋಡಿಸಿದರೆ 50 ಹರ್ಟ್ಸ್‌ನಲ್ಲೇ ಅನುರಣನೆಗೆ ಹತ್ತಿರವಾಗುತ್ತದೆ, ಗ್ಯಾಪ್ ಹಿಗ್ಗಿದಷ್ಟೂ ವೋಲ್ಟೇಜ್ ಏರಿ ಒಳಗಿನ ನಿರೋಧಕ ಪದರವೇ ಸುಟ್ಟುಹೋಗುತ್ತದೆ ಎಂದು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರು. ಒಂದು ಸಲಕ್ಕೆ ಒಂದೇ ಬದಲಾವಣೆ. ಕೈ ಹಾಕುವ ಮುನ್ನ ಪ್ಲಗ್ ಕಿತ್ತು, ಕೆಪಾಸಿಟರನ್ನು ಅರ್ತ್ ಕೋಲಿನಿಂದ ಬರಿದು ಮಾಡಬೇಕು. ಈ ಎರಡು ನಿಯಮಗಳಲ್ಲಿ ಅವರು ಎಂದೂ ರಿಯಾಯಿತಿ ಕೊಟ್ಟವರಲ್ಲ. ಅಷ್ಟು ಒಳ್ಳೆಯ ಗುರು ನನಗೆ ಮತ್ತೆ ಸಿಗಲಿಲ್ಲ.

ಮೊದಲು ಕಟ್ಟಡದ ಅರ್ತ್ ಬಿಟ್ಟು, ತೋಟದಲ್ಲಿ ಬೇರೆಯೇ ಕಂಬಿ ಹೂಳಿ, ಮಾರ್ಚ್ ಬಿಸಿಲಿಗೆ ಒಣಗಿದ ಕೆಂಪು ಮಣ್ಣಿಗೆ ನೀರು ಹೊಯ್ದೆವು. ಕಿಡಿ ಸ್ವಲ್ಪ ಚಿಗುರಿತು. ಆಮೇಲೆ ಕ್ಲಿಪ್ಪನ್ನು ಕಾಲು ಸುತ್ತಿನಂತೆ ಹೊರಗೆ ಸರಿಸುತ್ತ ಹೋದೆವು. 12ರ ಹತ್ತಿರ ಬಂದಾಗ ಒಂದೂವರೆ ಅಡಿಯ ನೇರಳೆ ಕವಲುಗಳು ಚಿಮ್ಮಿದವು!

ಲೆಕ್ಕ ಸುಳ್ಳಾಗಿರಲಿಲ್ಲ. ನಾವು ಅಳೆದದ್ದು ಕಿಡಿಯಿಲ್ಲದ ಕಾಯಿಲನ್ನು. ಕಿಡಿ ಹೊರಟ ಕ್ಷಣದಿಂದ ಅದೂ ವಾಹಕವೇ. ಟೊರಾಯ್ಡ್‌ನ ಧಾರಕತೆಗೆ (ವಿದ್ಯುದಂಶ ಹಿಡಿದಿಡುವ ಗುಣಕ್ಕೆ) ತನ್ನದನ್ನೂ ಕೂಡಿಸಿ ಸೆಕೆಂಡರಿಯ ಆವೃತ್ತಿಯನ್ನು ಕೆಳಗೆಳೆಯುತ್ತದೆ. ಹಾಗಾಗಿ ಪ್ರೈಮರಿಯನ್ನು ಮೊದಲೇ ತುಸು ಕೆಳಗಿನ ಶ್ರುತಿಗೆ ಇಟ್ಟಿರಬೇಕು. ಇಂದಿಗೂ ನನ್ನನ್ನು ಪುಳಕಗೊಳಿಸುವ ಸಂಗತಿ ಇದು: ನಾವು ಹುಟ್ಟಿಸಲು ಹೊರಟ ಕಿಡಿಯೇ ವಿದ್ಯುತ್ ಮಂಡಲದ ಭಾಗವಾಗಿಬಿಡುತ್ತದೆ.

ಬಲ ಹೆಚ್ಚಿದಾಗ ಸೆಕೆಂಡರಿಯ ಮೈಮೇಲೆಯೇ ಕಿಡಿಗಳು ಓಡತೊಡಗಿದವು. ಎರಡು ಸುರುಳಿಗಳ ನಡುವಿನ ಕಾಂತೀಯ ಬೆಸುಗೆ (ಕಪ್ಲಿಂಗ್) ಅತಿಯಾಗಿತ್ತು. ಮರದ ತುಂಡುಗಳನ್ನಿಟ್ಟು ಸೆಕೆಂಡರಿಯನ್ನು ಕೆಲವು ಸೆಂಟಿಮೀಟರ್ ಎತ್ತಿದಾಗ ನಿಂತವು.

ಕಾಯಿಲ್ ಇನ್ನೂ ವಿಭಾಗದ ಕಪಾಟಿನಲ್ಲಿದ್ದರೆ, ಪ್ರೈಮರಿ ಸುರುಳಿಯ ಮೇಲೆ ಕ್ಲಿಪ್‌ನ ಜಾಗಕ್ಕೆ ನಾವು ಹಾಕಿದ ಕೆಂಪು ಗುರುತು ಆ ಟೊರಾಯ್ಡ್‌ಗೆ ಮಾತ್ರ ಸರಿ. ದೊಡ್ಡದನ್ನು ಕೂರಿಸುವುದಾದರೆ ಅಲ್ಲಿಂದ ಹೊರಗಿನ ಸುತ್ತುಗಳತ್ತ ಹುಡುಕಿ.