ಸುತ್ತೋಲೆ ಬಂದಾಗಲೆಲ್ಲ ಒಂದು ಪಾಠ

ನಮ್ಮ ಕಾಲೇಜಿನಲ್ಲಿ ಓದಿದವರಿಗೆ ಸುತ್ತೋಲೆ ಪುಸ್ತಕ ನೆನಪಿರಬೇಕು. ಪಾಠ ನಡೆಯುವಾಗಲೇ ಜವಾನರು ಅದನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬರುತ್ತಿದ್ದರು. ಬೇರೆ ಮೇಷ್ಟ್ರುಗಳು ಗಡಗಡ ಓದಿ, ಸಹಿ ಹಾಕಿ ಕಳಿಸುತ್ತಿದ್ದರು. ಕನ್ನಡ ಮೇಷ್ಟ್ರು ಮಾತ್ರ ಆಜ್ಞೆ ಹೇಳುವ ಕ್ರಿಯಾಪದದ ಹತ್ತಿರ ನಿಂತುಬಿಡುತ್ತಿದ್ದರು. ನಮಗೂ ಅದೇ ಬೇಕಿತ್ತು. ಅಷ್ಟು ಹೊತ್ತು ಹಳಗನ್ನಡ ತಪ್ಪುತ್ತಿತ್ತಲ್ಲ!

ತಪ್ಪುತ್ತಿತ್ತು ಅಂದುಕೊಂಡಿದ್ದೆವು ಅಷ್ಟೆ. "ಪಂಪನ ಕಾಲವಾಗಿದ್ದರೆ ಪ್ರಿನ್ಸಿಪಾಲರು ಬೆಸಸುತ್ತಿದ್ದರು ಕಣ್ರೋ" ಎಂದು ಅವರು ಶುರು ಮಾಡುತ್ತಿದ್ದರು. ಬೆಸಸು ಅಂದರೆ ಅಪ್ಪಣೆ ಮಾಡು. ಬೆಸನ ಅಂದರೆ ಅಪ್ಪಣೆ. ಅದಕ್ಕೇ ಕೆಲಸ ಎಂಬ ಅರ್ಥವೂ ಇದೆ. ಒಬ್ಬರ ಬಾಯಲ್ಲಿ ಅಪ್ಪಣೆಯಾಗಿ ಹೊರಟದ್ದು ಇನ್ನೊಬ್ಬರ ಕೈಯಲ್ಲಿ ಕೆಲಸವಾಗುತ್ತದೆ, ಅಲ್ವಾ?

"ದಂಡ ವಿಧಿಸಲಾಗುವುದು" ಅಂತ ಬಂದ ದಿನ ಪಾಠ ಇನ್ನೂ ಉದ್ದವಾಯಿತು. ದಂಡ ವಿಧಿಸುತ್ತಾರೆ, ತೆರಿಗೆ ವಿಧಿಸುತ್ತಾರೆ, ಶಿಕ್ಷೆ ವಿಧಿಸುತ್ತಾರೆ. "ಯಾರಾದರೂ ಬಹುಮಾನ ವಿಧಿಸಿದ್ದು ಕೇಳಿದ್ದೀರಾ?" ಎಂದು ಕೇಳಿದರು. ಆಜ್ಞಾಪಿಸು ಅನ್ನುವುದು ಕಂಪನಿ ನಾಟಕದ ರಾಜನಿಗೆ ಸರಿ, ಮನೆಯಲ್ಲಿ ಅಂದರೆ ನಗುತ್ತಾರೆ. ತಾಕೀತು ಮಾಡುವವನು ಎಚ್ಚರಿಕೆಯನ್ನೂ ಸೇರಿಸಿಯೇ ಹೇಳುತ್ತಾನೆ. ಅಪ್ಪಣೆಯ ಗುಣವೇ ಬೇರೆ. "ಸಾಹೇಬರ ಅಪ್ಪಣೆಯಾಗಿದೆ" ಎಂದರೆ ಮಾಡಲೇಬೇಕು. "ಅಪ್ಪಣೆಯಿಲ್ಲದೆ ಒಳಗೆ ಬರಬಾರದು" ಎಂಬ ಬೋರ್ಡಿನಲ್ಲಿ ಅದೇ ಪದ ಅನುಮತಿ. ಸ್ವಾಮಿಗಳು, ಗುರುಗಳು ಸುಮ್ನೆ ಮಾತಾಡಿದರೂ ಭಕ್ತರು "ಅಪ್ಪಣೆ ಕೊಡಿಸಿದರು" ಎನ್ನುತ್ತಾರೆ.

ಇವೆಲ್ಲಕ್ಕಿಂತ ಮೇಷ್ಟ್ರಿಗೆ ಇಷ್ಟವಾದದ್ದು 'ತಕ್ಕದ್ದು'. "ಎಲ್ಲ ವಿದ್ಯಾರ್ಥಿಗಳೂ ಹಾಜರಾಗತಕ್ಕದ್ದು." ಇದರಲ್ಲಿ ಆಜ್ಞೆ ಎಂಬ ಪದವೇ ಇಲ್ಲ. ತಕ್ಕದ್ದು ಅಂದರೆ ಯೋಗ್ಯವಾದದ್ದು, ಅಷ್ಟೆ. ಆದರೂ ಎಲ್ಲಕ್ಕಿಂತ ಬಿಗಿ ಅದೇ.

ಬ್ರಹ್ಮಗಿರಿಗೆ ಹೋದದ್ದು ಎರಡನೇ ವರ್ಷದಲ್ಲಿ. ಮೊಳಕಾಲ್ಮೂರು ತಾಲ್ಲೂಕಿನ ಆ ಬಂಡೆಗೆ ಊರವರು ಅಕ್ಷರಗುಂಡು ಎನ್ನುತ್ತಾರೆ. ಅದರ ಮೇಲಿರುವುದು ಅಶೋಕನ ಶಾಸನ ಎಂದು ಬಿ. ಎಲ್. ರೈಸ್ 1892ರಲ್ಲಿ ಗುರುತಿಸಿದರು. ಶಾಸನ ಎಂಬ ಪದಕ್ಕೂ ಮೂಲದಲ್ಲಿ ಆಜ್ಞೆ ಎಂದೇ ಅರ್ಥವಂತೆ. ಬಿಸಿಲು ಸುಡುತ್ತಿತ್ತು. ಮೇಷ್ಟ್ರು ನೋಟ್‌ಬುಕ್ಕಿನಿಂದ ಓದಿದರು. ಸುವರ್ಣಗಿರಿಯಿಂದ ಆರ್ಯಪುತ್ರನೂ, ಅಂದರೆ ರಾಜಕುಮಾರನೂ, ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳಿಸಿದ ಮಾತು ಅದು. ಮೊದಲು ಅವರ ಆರೋಗ್ಯ ವಿಚಾರಿಸಬೇಕು, ಆಮೇಲೆ ವಿಷಯ ಹೇಳಬೇಕು ಎಂದಿದೆ. ವಿಷಯ ಶುರುವಾಗುವುದು "ದೇವಾಣಂಪಿಯೇ ಆಣಪಯತಿ" ಎಂದು. ದೇವಾನಾಂಪ್ರಿಯನು, ಅಂದರೆ ಅಶೋಕನು, ಆಜ್ಞಾಪಿಸುತ್ತಾನೆ.

"ಆಣಪಯತಿಯ ಆಣ ಎಲ್ಲಿಯದು ಹೇಳಿ" ಎಂದರು. ಯಾರಿಗೂ ಹೊಳೆಯಲಿಲ್ಲ. ಆಜ್ಞೆಯ ತದ್ಭವ ಆಣೆ ಎಂದು ಬಾಯಿಪಾಠ ಮಾಡಿದ್ದೆವು. ಅದೇ ಪದದ ನೆಂಟ ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಜಿಲ್ಲೆಯ ಬಂಡೆಯ ಮೇಲೇ ಕೂತಿದ್ದ. ನಾವೀಗ ಆಣೆ ಎಂದರೆ ಪ್ರಮಾಣ ಎನ್ನುತ್ತೇವೆ. ದೇವರಾಣೆ ಎನ್ನುತ್ತೇವೆ.

ಆಜ್ಞೆಯಲ್ಲಿ ಇದ್ದದ್ದೇನು? ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಸಾಲನ್ನು ಮೇಷ್ಟ್ರು ಗಂಭೀರವಾಗಿ ಎರಡು ಸಲ ಓದಿದರು. ಹಿಂದಿನ ಸಾಲಿನ ಹುಡುಗರು ಜೋರಾಗಿ ನಕ್ಕರು. ಕೊನೆಗೆ ಚಪಡ ಎಂಬ ಲಿಪಿಕಾರನ ಹೆಸರಿದೆ. ಮೇಲಿನದೆಲ್ಲ ಬ್ರಾಹ್ಮಿ. ತನ್ನ ಕಸುಬಿನ ಪದವೊಂದನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ವಾಯವ್ಯದ ಕಡೆಯ ಲಿಪಿ ಅದು. "ನಮ್ಮ ಜಿಲ್ಲೆಯ ಮೊದಲ ಗುಮಾಸ್ತ ಇವನೇ" ಎಂದರು ಮೇಷ್ಟ್ರು.

ಆಮೇಲೆ ನಾನೇ ಗುಮಾಸ್ತನಾದೆ. ಕಂದಾಯ ಇಲಾಖೆ. ಇಲ್ಲಿ ಪಾರ್ಸಿ, ಅರಬ್ಬಿಯಿಂದ ಬಂದ ಪದಗಳು ಜಾಸ್ತಿ. ರೈತರು ಸಾಗುವಳಿ ಸಕ್ರಮ ಮಾಡಿಕೊಡಿ ಎಂಬ ನಮೂನೆ 57ರ ಅರ್ಜಿ ಹಿಡಿದು ಬಂದು "ನಮ್ದು ಬಗರ್ ಹುಕುಂ ಸ್ವಾಮಿ" ಎನ್ನುತ್ತಾರೆ. ಹುಕುಂ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನು ಎಂದರ್ಥ. ಎಷ್ಟೋ ವರ್ಷ ಉತ್ತ ಮೇಲೆ ಹುಕುಂ ಕೇಳಲು ಬಂದಿರುತ್ತಾರೆ. ಸರ್ಕಾರಿ ಆದೇಶಗಳ ಕೊನೆಯಲ್ಲಿ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಎಂಬ ಸಾಲು ಇದ್ದೇ ಇರುತ್ತದೆ. ಅದರ ಕೆಳಗೆ ಸಹಿ ಅಧೀನ ಕಾರ್ಯದರ್ಶಿಯದೋ ಇನ್ನೊಬ್ಬರದೋ. ಸಂವಿಧಾನದ 166ನೇ ವಿಧಿ ಹಾಗೆ ಹೇಳುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ಸುವರ್ಣಗಿರಿ ನೆನಪಾಯಿತು.

ಮೇಷ್ಟ್ರು ನಿವೃತ್ತರಾಗಿ ಊರಲ್ಲೇ ಇದ್ದಾರೆ. ನನಗೆ ಅವರ ಫೋನ್ ಬರುವುದು ಹೆಚ್ಚಾಗಿ ಪೇಪರಿನಲ್ಲಿ ಸುಗ್ರೀವಾಜ್ಞೆ ಎಂಬ ಪದ ಕಂಡಾಗ. ಕನ್ನಡದ ಪದಗಳಲ್ಲೇ ಅದು ಅವರಿಗೆ ಅಚ್ಚುಮೆಚ್ಚು. ಹಿಂದಿಯವರು ಅಧ್ಯಾದೇಶ ಎಂದು ಸಪ್ಪೆಯಾಗಿ ಮುಗಿಸಿದ್ದಾರೆ, ನಾವು ಇಡೀ ಕಿಷ್ಕಿಂಧೆಯನ್ನೇ ತಂದಿದ್ದೇವೆ ಎನ್ನುತ್ತಾರೆ. ಸೀತೆಯನ್ನು ಹುಡುಕಿ ಒಂದು ತಿಂಗಳೊಳಗೆ ವಾಪಸ್ಸು ಬರಬೇಕು, ತಡವಾದರೆ ತಲೆ ಹೋಗುತ್ತದೆ ಎಂದು ಸುಗ್ರೀವ ಕಪಿಗಳಿಗೆ ಹೇಳಿದ್ದ. ಗಡುವು ಮೀರಿದ್ದಕ್ಕೆ ಅಂಗದನ ಗುಂಪು ಊರಿಗೆ ಹೋಗುವುದಕ್ಕಿಂತ ಉಪವಾಸ ಸಾಯುವುದೇ ವಾಸಿ ಎಂದು ದಡದಲ್ಲಿ ಕೂತುಬಿಟ್ಟಿತ್ತು. ರಾಜ್ಯದ ಸುಗ್ರೀವಾಜ್ಞೆಗೆ ಬರುವುದು 213ನೇ ವಿಧಿ. ಅಲ್ಲಿ ಗಡುವು ಆಜ್ಞೆಗೇ ಇದೆ. ವಿಧಾನಮಂಡಲ ಮತ್ತೆ ಸೇರಿ ಆರು ವಾರವಾಗುವುದರೊಳಗೆ ಅದು ಕಾಯ್ದೆಯಾಗದಿದ್ದರೆ ಬಿದ್ದುಹೋಗುತ್ತದೆ.

ಹೋದ ಸಲ ಫೋನ್ ಮಾಡಿದಾಗ ಮೇಷ್ಟ್ರು ಮೊದಲು ನನ್ನ ಆರೋಗ್ಯ ಕೇಳಿದರು. ಆಮೇಲೆ "ಈ ಸಲ ಸುಗ್ರೀವ ಯಾರ ಮೇಲೆ ಕೂಗಾಡಿದ್ದಾನಪ್ಪ?" ಎಂದರು.